ಎರಡಜ್ಜಿ ಮನೆಯ ಜಮಖಾನ

ಹೋದ ವರ್ಷ ಪಾಂಡವಪುರದ ಒಂದು ಛತ್ರದಲ್ಲಿ ಮದುವೆ ಊಟಕ್ಕೆ ಕಾಯುತ್ತ ಕೂತಿದ್ದಾಗ, ನೆಲಕ್ಕೆ ಹಾಸಿದ್ದ ಕೆಂಪು ಪ್ಲಾಸ್ಟಿಕ್ ಕಾರ್ಪೆಟ್ಟಿನ ಕೆಳಗಿಂದ ಹಳೆಯ ಜಮಖಾನವೊಂದರ ಮೂಲೆ ಇಣುಕುತ್ತಿರುವುದು ಕಣ್ಣಿಗೆ ಬಿತ್ತು. ನೆಲ ಒದ್ದೆಯಿತ್ತೆಂದು ಯಾರೋ ಅದನ್ನು ಅಡಿಗೆ ಹಾಕಿದ್ದರು. ನೀರು ಕುಡಿದ ಹತ್ತಿ, ಧೂಳು, ನುಸಿಗುಳಿಗೆ ಎಲ್ಲ ಬೆರೆತ ವಾಸನೆ ಮೂಗಿಗೆ ಬಂತು. ಬಗ್ಗಿ ಆ ಮೂಲೆಯನ್ನು ಮಗುಚಿದೆ. ಪಕ್ಕದಲ್ಲಿದ್ದ ಮಗಳು "ಏನ್ ಬೀಳಿಸ್ಕೊಂಡೆ ಅಮ್ಮ?" ಎಂದಳು. ಏನೂ ಇಲ್ಲ ಎಂದೆ. ಅದು ಮಿಲ್ಲಿನ ಮಾಲು, ಅಂಚನ್ನು ಮಿಷನ್ನಿನಲ್ಲಿ ಹೊಲಿದಿದ್ದರು. ಇಷ್ಟು ವರ್ಷವಾದರೂ ಹಳೆಯ ಹಾಸು ಕಂಡರೆ ಮೂಲೆ ಮಗುಚುವ ಚಟ ನನ್ನಿಂದ ಹೋಗಿಲ್ಲ. ಮಗುಚುವ ಹೊತ್ತಿಗೆ ಎದೆ ಧಸಕ್ಕೆನ್ನುವುದೂ ಹೋಗಿಲ್ಲ.

ಎರಡೂ ಹತ್ತಿಕೊಂಡದ್ದು ತೊಂಬತ್ತನಾಲ್ಕರ ಬೇಸಿಗೆಯಲ್ಲಿ. ನಾನಾಗ ಮೈಸೂರಿನಲ್ಲಿ ಎಂ.ಎ. ಮುಗಿಸಿ ಒಂದು ಸಣ್ಣ ಸಂಗ್ರಹಾಲಯದಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಹಳೆಯ ಮನೆಗಳಲ್ಲಿ ನೆಲಕ್ಕೆ ಏನೇನು ಹಾಸುತ್ತಿದ್ದರು ಎಂದು ಹುಡುಕಿ, ಯಾವುದು ಎಲ್ಲಿಯದು, ಎಷ್ಟು ಕಾಲದ್ದು ಎಂದು ಗುರುತಿಸಿ, ಕೊಡುವವರಿದ್ದರೆ ಕೇಳಿ ತರುವುದು ನನ್ನ ಕೆಲಸ. ನನಗೆ ಚಾಪೆಗೂ ಜಮಖಾನಕ್ಕೂ ಇರುವ ವ್ಯತ್ಯಾಸ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅದಕ್ಕೆಂದೇ ಸಂಗ್ರಹಾಲಯದವರು ಶ್ರೀರಂಗಪಟ್ಟಣದ ಮರಿಯಪ್ಪ ಮೇಷ್ಟ್ರನ್ನು ಜೊತೆ ಮಾಡಿದರು. ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಜೈಲಿನಲ್ಲಿ ಕೈದಿಗಳಿಗೆ ಜಮಖಾನ ನೇಯುವುದನ್ನು ಕಲಿಸಿ ನಿವೃತ್ತರಾದವರು.

ಈ ಸುದ್ದಿಯನ್ನು ಊರಿಗೆ ಹೋದಾಗ ಮನೆಯಲ್ಲಿ ಹೇಳಿದೆ. ಅವ್ವ ಗಾಬರಿಯಾಗಿ, "ಜೈಲ್ನೋರ ಜೊತೆ ಊರೂರು ಸುತ್ತೀಯಾ?" ಎಂದಳು. ಅಪ್ಪ ನಕ್ಕರು. ಚಿಕ್ಕಜ್ಜಿ ಮಾತ್ರ ಎದ್ದು ಕೊಟ್ಟಿಗೆಯ ಕಡೆಗೆ ಹೋದಳು.

ನಮ್ಮ ಊರು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟ. ಅಲ್ಲಿ ನಮ್ಮ ಮನೆಗೆ ಎರಡಜ್ಜಿ ಮನೆ ಎಂದೇ ಹೆಸರು. ದೊಡ್ಡಜ್ಜಿ ನಿಂಗಮ್ಮ, ಚಿಕ್ಕಜ್ಜಿ ಕಾಳಮ್ಮ. ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ವಾರಗಿತ್ತಿಯರು. ದೊಡ್ಡಜ್ಜಿಯ ಮಗ ನನ್ನ ದೊಡ್ಡಪ್ಪ, ಚಿಕ್ಕಜ್ಜಿಯ ಮಗ ನನ್ನ ಅಪ್ಪ. ಹಿಂದೆ ಅವರೆಲ್ಲ ನಾಗಮಂಗಲದ ಕಡೆ ಇದ್ದವರೆಂದೂ, ಅಣ್ಣತಮ್ಮಂದಿರಿಬ್ಬರೂ ಒಂದೇ ವಾರದಲ್ಲಿ ಪ್ಲೇಗಿಗೆ ಹೋದರೆಂದೂ, ಆಮೇಲೆ ದೊಡ್ಡಜ್ಜಿ ತನ್ನ ತವರಾದ ಸಿಂಧಘಟ್ಟಕ್ಕೆ ವಾರಗಿತ್ತಿಯನ್ನೂ ಎರಡು ಗಂಡುಮಕ್ಕಳನ್ನೂ ಕರೆದುಕೊಂಡು ಬಂದಳೆಂದೂ ನಾವು ಕೇಳಿ ಬೆಳೆದಿದ್ದೆವು. ಇಬ್ಬರ ಹಣೆಯೂ ಬರಿದು, ಕೈಯೂ ಬರಿದು. ಎಲೆಅಡಿಕೆ ಚೀಲ ಮಾತ್ರ ಇಬ್ಬರಿಗೂ ಒಂದೇ. ಒಬ್ಬಳು ಕುಟ್ಟಿದರೆ ಇನ್ನೊಬ್ಬಳು ಅಂಗೈ ಒಡ್ಡುತ್ತಿದ್ದಳು.

ಆ ಮನೆಯಲ್ಲಿ ಒಂದು ದೊಡ್ಡ ಜಮಖಾನ ಇತ್ತು. ಕಡುನೀಲಿ ಮೈ, ಉದ್ದಕ್ಕೂ ಇಟ್ಟಿಗೆ ಬಣ್ಣದ ಪಟ್ಟೆ. ಬಿಚ್ಚಿದರೆ ನಡುಮನೆಯೇ ತುಂಬಿಹೋಗುತ್ತಿತ್ತು. ನಮ್ಮ ಕೇರಿಯ ಯಾವ ಮದುವೆ ಮಾತುಕತೆಗೂ ಅದನ್ನೇ ಕೇಳಿ ಒಯ್ಯುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು ಅದರ ಮೇಲೆ ಬೋರಲು ಮಲಗಿ. ಅದನ್ನು ಹಾಸುವ ಕೆಲಸವನ್ನು ದೊಡ್ಡಜ್ಜಿ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಹಾಸಿದ ಮೇಲೆ ಮೊದಲು ತಾನೇ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ಮೆಲ್ಲಗೆ ನಡೆಯುತ್ತಿದ್ದಳು. ಸುಕ್ಕು ಹೋಗಲಿ ಎಂದು ಹಾಗೆ ಮಾಡುತ್ತಾಳೆಂದು ನಾವು ತಿಳಿದಿದ್ದೆವು. ನಮ್ಮ ಮನೆಯಲ್ಲೂ ಒಂದು ಹಳೇ ಹಾಸು ಇದೆ, ತಂದು ತೋರಿಸುತ್ತೇನೆ ಎಂದು ಸಂಗ್ರಹಾಲಯದಲ್ಲಿ ನಾನು ಹೆಮ್ಮೆಯಿಂದ ಹೇಳಿಕೊಂಡೂ ಆಗಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಮೇಷ್ಟ್ರು ಬೆಳಿಗ್ಗೆ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದರು. ಅಲ್ಲಿಂದ ಎಲ್ಲಿಗೆ ಬಸ್ಸು ಸಿಕ್ಕಿದರೆ ಅಲ್ಲಿಗೆ ಪ್ರಯಾಣ. ಮೊದಲ ದಿನ ಹೋದದ್ದು ಕೋಟೆಯೊಳಗಿನ ಒಂದು ಹಳೇ ಮನೆಗೆ. ನಡುಮನೆಯಲ್ಲಿ ಹೂಬಳ್ಳಿಯ ಲಿನೋಲಿಯಂ ಹಾಸಿತ್ತು. ತಾತನ ಕಾಲದಲ್ಲಿ ಒಬ್ಬ ಇಂಜಿನಿಯರು ಬಿಟ್ಟುಹೋದದ್ದಂತೆ. ಚೆನ್ನಾಗಿದೆ ಎಂದುಕೊಂಡು ನಾನು ಮೂಲೆ ಎತ್ತಿದೆ. ಬಳ್ಳಿ, ಹೂವು ಎಲ್ಲ ಬಿಸ್ಕತ್ತಿನಂತೆ ಮುರಿದು ಕೈಯಲ್ಲಿ ಪುಡಿಯಾಯಿತು. ಅಡಿಯಲ್ಲಿ ಗೆದ್ದಲು ನೆಲವನ್ನೇ ಮಡಿಕೆ ಮಡಿಕೆ ಉತ್ತುಬಿಟ್ಟಿತ್ತು. ಆ ಮನೆಯ ಹೆಂಗಸು ಬಾಯಿ ಮೇಲೆ ಕೈಯಿಟ್ಟು ನಿಂತರು. ದಿನಾ ಅದರ ಮೇಲೆಯೇ ಓಡಾಡುತ್ತಿದ್ದವರು ಅವರು.

"ಹಾಸಿನ ಮುಖ ನೋಡಬ್ಯಾಡಿ ತಾಯಿ," ಎಂದರು ಮೇಷ್ಟ್ರು, ಹೊರಗೆ ಬಂದ ಮೇಲೆ. "ಮುಖ ನೋಡೋರಿಗೇ ಅಂತ ಮಾಡಿರ್ತಾರೆ. ಮೂಲೆ ಮಗುಚಿ ನೋಡಿ. ಅಲ್ಲಿ ಯಾರ ಕೈ ಅಂತ ಸಿಕ್ತದೆ."

ಹಾಗೆ ಕಲಿಯುತ್ತ ಹೋದೆ. ಒಂದು ಎಳೆ ಕಿತ್ತು ಬೆಂಕಿಕಡ್ಡಿ ತಾಗಿಸಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಹತ್ತಿ ಕಾಗದದ ವಾಸನೆ ಬರುತ್ತದೆ, ನೈಲಾನು ಮುದುಡಿ ಮಣಿಯಾಗುತ್ತದೆ. ತಮಿಳುನಾಡಿನ ಕಡೆಯ ಜಮಖಾನಕ್ಕೆ ಪಟ್ಟೆ ಹೆಚ್ಚು, ಮೈ ತೆಳು. ಜೈಲಿನ ಮಾಲು ಭಾರ; ಅದರ ಮೂಲೆಯಲ್ಲಿ ಶಾಯಿಯ ಮುದ್ರೆ ಇರುತ್ತದೆ. ಅದನ್ನು ಶಾಲೆ, ಛತ್ರ, ಕಚೇರಿಗಳವರು ಕೊಳ್ಳುತ್ತಿದ್ದರು, ಸಾಮಾನ್ಯ ಜನರೂ ಕೊಳ್ಳಬಹುದಿತ್ತು. ಬೆಳಗೊಳದ ಒಂದು ಮನೆಯಲ್ಲಿ ಅಂಥದೊಂದನ್ನು ಕತ್ತರಿಸಿ ಎಮ್ಮೆಗೆ ಹೊದಿಸಿದ್ದರು. ಎಮ್ಮೆಯ ಬೆನ್ನ ಮೇಲೆಯೇ ನಾನು ಮುದ್ರೆ ಗುರುತು ಹಿಡಿದೆ. ಮೇಷ್ಟ್ರಿಗೆ ಖುಷಿಯಾಯಿತು.

ಏಪ್ರಿಲ್ಲಿನಲ್ಲಿ ನಾಗಮಂಗಲ ದಾಟಿ ಬಿಂಡಿಗನವಿಲೆಗೆ ಹೋದೆವು. ಕುರಿ ಸಾಕುವವರ ಮನೆಯೊಂದರಲ್ಲಿ ಒಬ್ಬ ಮುದುಕಿ ಪೆಟ್ಟಿಗೆಯಿಂದ ಕರಿಯ ಕಂಬಳಿ ತೆಗೆದು ಹಾಸಿದಳು. ಮಾರುವುದಿಲ್ಲ, ನೋಡಿಕೊಂಡು ಹೋಗಿ ಎಂದಳು. ಮೂಲೆ ಮಗುಚಿದೆ. ಕೊನೆಯ ಎಳೆಗಳನ್ನು ಹಾಗೇ ಗಂಟು ಹಾಕಿ ಬಿಟ್ಟಿರಲಿಲ್ಲ. ಮೂರು ಮೂರು ಎಳೆ ಹಿಡಿದು, ಹೆಣ್ಣುಮಕ್ಕಳ ಜಡೆಯಂತೆ ಹೆಣೆದು, ಅಂಚಿನುದ್ದಕ್ಕೂ ಮಲಗಿಸಿದ್ದರು. ಅಂಥ ಅಂಚನ್ನು ನಾನು ಅಲ್ಲಿಯವರೆಗೆ ಬೇರೆಲ್ಲೂ ಕಂಡಿರಲಿಲ್ಲ.

"ಇದು ಈ ಸುತ್ತಿನೋರ ಕೈ," ಎಂದರು ಮೇಷ್ಟ್ರು. "ಇದನ್ನ ಜಮಖಾನಕ್ಕೆ ಹಾಕ್ತಿದ್ದೋರು ಒಬ್ರೇ ಒಬ್ರು. ಜೈಲಲ್ಲಿ ಕೈದಿ ಆಗಿದ್ರು. ಚಿಕ್ಕಂದಿನಲ್ಲಿ ಇಲ್ಲೇ ಎಲ್ಲೋ ಕಂಬಳಿ ನೇಯೋರ ಜೊತೆ ಕೂತು ಕಲ್ತಿದ್ರಂತೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನನಗೇ ಅವರು ಹೇಳಿಕೊಟ್ರು. ಈಗ ಪಾಂಡವಪುರದಲ್ಲವರೆ, ಬನ್ನಿ ತೋರಿಸ್ತೀನಿ."

ಮುಂದಿನ ವಾರವೇ ಹೋದೆವು. ಪಾಂಡವಪುರದ ಹೊರಗೆ, ಕಬ್ಬಿನ ಗದ್ದೆಗಳ ನಡುವೆ ಹಾಳುಬಿದ್ದ ಒಂದು ಆಲೆಮನೆ. ಅದರ ಕೊಠಡಿಯಲ್ಲಿ ನೆಲದಿಂದ ಗೇಣೆತ್ತರಕ್ಕೆ ಬಿಗಿದ ಮಗ್ಗ. ಮಗ್ಗದ ಮುಂದೆ ಹಲಗೆಯ ಮೇಲೆ ಕುಕ್ಕುರು ಕೂತ ಮುದುಕರು. ಸುತ್ತಲಿನವರು ಅವರನ್ನು ಮಗ್ಗದ ಗೌಡರು ಎನ್ನುತ್ತಿದ್ದರು, ಮೇಷ್ಟ್ರು ಬರೀ ಗೌಡ್ರೇ ಎಂದರು. ಕೆಮ್ಮು ಜೋರಿತ್ತು. ಕಬ್ಬಿಣದ ಬಾಚಣಿಗೆಯಂಥ ಪಂಜದಲ್ಲಿ ಎಳೆಗಳನ್ನು ಬಡಿಯುವುದು, ಕೆಮ್ಮುವುದು, ಮತ್ತೆ ಬಡಿಯುವುದು. ನೇಯ್ದು ಇಟ್ಟಿದ್ದ ಒಂದು ಜಮಖಾನದ ಮೂಲೆ ಮಗುಚಿ ನೋಡಿದೆ. ಅದೇ ಜಡೆ. ಮುದ್ರೆ ಇರಲಿಲ್ಲ.

"ಜೈಲಿಂದ ಆಚೆ ಬಂದ್ ಮೇಲೆ ನೇಯ್ದಿದ್ದಕ್ಕೆ ಮುದ್ರೆ ಎಲ್ಲಿಂದ ಬಂದಾತು?" ಎಂದರು ಮೇಷ್ಟ್ರು.

ಮುದುಕರು ಪಂಜ ಕೆಳಗಿಟ್ಟು ನನ್ನನ್ನು ನೋಡಿದರು. "ಯಾವೂರವ್ವ ನಿಂದು?"

"ಸಿಂಧಘಟ್ಟ."

"ಯಾರ ಮನೆ?"

"ನಿಂಗಮ್ಮನವರ ಮನೆ. ಎರಡಜ್ಜಿ ಮನೆ ಅಂತಾರೆ."

ಅವರು ಪಕ್ಕದಲ್ಲಿದ್ದ ನೂಲುಂಡೆ ಎತ್ತಿ ಮಡಿಲಿಗೆ ಹಾಕಿಕೊಂಡರು. ಆಮೇಲೆ, "ಎರಡೂ ಅಜ್ಜೀರು ಅವ್ರಾ?" ಎಂದರು.

"ಇದಾರೆ. ಗಟ್ಟಿಯಾಗೇ ಇದಾರೆ."

ಅವರು ನನ್ನ ಕಡೆ ಬೆನ್ನು ಮಾಡಿ ಮಗ್ಗಕ್ಕೆ ತಿರುಗಿದರು. "ಒತ್ತಾಯ್ತು ಮೇಷ್ಟ್ರೇ, ಬಸ್ಸು ತಪ್ಪೋಯ್ತದೆ. ಒಂಟೋಗಿ," ಎಂದರು. ನಾವಿನ್ನೂ ಕೂತೇ ಇರಲಿಲ್ಲ. ಮುದುಕರಿಗೆ ಸ್ವಲ್ಪ ಒರಟುತನ ಎಂದುಕೊಂಡು ನಾನು ಹೊರಬಿದ್ದೆ.

ವೈಶಾಖದಲ್ಲಿ ದೊಡ್ಡಪ್ಪನ ಮೊಮ್ಮಗುವಿಗೆ ನಾಮಕರಣ ಇಟ್ಟುಕೊಂಡರು. ಹಿಂದಿನ ದಿನ ಊರಿಗೆ ಬಂದೆ. ಬೆಳಿಗ್ಗೆ ದೊಡ್ಡಜ್ಜಿ ಎಂದಿನಂತೆ ಜಮಖಾನ ಹಾಸಿದಳು, ಎಂದಿನಂತೆ ಅದರ ಮೇಲೆ ನಡೆದಳು, ಒಲೆಯ ಕಡೆಗೆ ಹೋದಳು. ನಾನು ಬಾಗಿಲ ಬಳಿ ತೋರಣ ಕಟ್ಟುತ್ತಿದ್ದವಳು ಇಳಿದು, ಎಲ್ಲ ಕಡೆ ಮಾಡಿದ ಹಾಗೆ, ಏನೂ ಯೋಚಿಸದೆ ಮೂಲೆ ಮಗುಚಿದೆ.

ಜಡೆ ಕಂಡಿತು. ಮೂರು ಮೂರು ಎಳೆ ಹಿಡಿದು ಹೆಣೆದು ಮಲಗಿಸಿದ ಜಡೆ.

ಕೈಯಲ್ಲಿದ್ದ ಮಾವಿನೆಲೆ ಅಲ್ಲೇ ಬಿತ್ತು. ಜೈಲಿನಿಂದ ಕೊಂಡಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಎರಡನೆಯ ಮೂಲೆಗೆ ಹೋದೆ, ಮೂರನೆಯದಕ್ಕೆ ಹೋದೆ, ನಾಲ್ಕನೆಯದಕ್ಕೂ ಹೋದೆ. ಎಲ್ಲೂ ಮುದ್ರೆ ಇರಲಿಲ್ಲ. ಒಂದು ಸಲ ತೊಳೆದರೆ ಹೋಗುವಂಥ ಮುದ್ರೆಯಲ್ಲ ಅದು. ಎಮ್ಮೆಯ ಬೆನ್ನಿನ ಮೇಲೂ ಉಳಿದಿತ್ತು. ಅಂದರೆ ಇದು ಆ ಮುದುಕರು ಜೈಲಿನಿಂದ ಬಂದ ಮೇಲೆ ನೇಯ್ದದ್ದು; ಅವರು ಅಜ್ಜಿಯರನ್ನು ವಿಚಾರಿಸಿದ್ದು ನೆನಪಾಯಿತು. ನಾಮಕರಣ ಮುಗಿದದ್ದು, ನಾನು ಬಡಿಸಿದ್ದು, ಮಗುವಿಗೆ ಏನು ಹೆಸರಿಟ್ಟರೆಂದು ಯಾರೋ ಕೇಳಿದ್ದು, ನಾನು ಉತ್ತರ ಹೇಳಿದ್ದು, ಇವೆಲ್ಲ ನಡೆದವೆಂದು ಈಗ ಗೊತ್ತೇ ಹೊರತು ನೆನಪಿಲ್ಲ. ನೆಂಟರು ಅದೇ ಜಮಖಾನದ ಮೇಲೆ ಕೂತು ನಗುತ್ತಿದ್ದರು. ಆ ಮುದುಕರ ಕೆಮ್ಮು ಮಾತ್ರ ನನಗೆ ಬಿಡದೆ ಕೇಳಿಸುತ್ತಿತ್ತು.

ಊಟ ಮುಗಿದು ಎಲ್ಲರೂ ಅಲ್ಲಲ್ಲೇ ಅಡ್ಡಾದ ಮೇಲೆ ಹಿತ್ತಲ ಜಗುಲಿಗೆ ಹೋದೆ. ಚಿಕ್ಕಜ್ಜಿ ಎಲೆಅಡಿಕೆ ಕುಟ್ಟುತ್ತಿದ್ದಳು. ದೊಡ್ಡಜ್ಜಿ ಸೆರಗು ಮುಖದ ಮೇಲೆ ಹಾಕಿಕೊಂಡು ಮಲಗಿದ್ದಳು.

"ಚಿಕ್ಕಜ್ಜಿ, ನಮ್ಮ ಜಮಖಾನ ಯಾರು ನೇಯ್ದಿದ್ದು?"

"ಯಾರಿಗ್ಗೊತ್ತು ಕೂಸೇ. ಯಾಕೆ?"

"ಪಾಂಡವಪುರದಲ್ಲಿ ಒಬ್ಬ ಮುದುಕರನ್ನ ನೋಡಿದೆ. ಜೈಲಲ್ಲಿದ್ದೋರಂತೆ. ಇದು ಅವರ ಕೈಕೆಲಸ. ನಮ್ಮ ಮನೆ ಹೆಸರು ಹೇಳ್ತಲೇ, ಎರಡೂ ಅಜ್ಜೀರು ಅವ್ರಾ ಅಂತ ಕೇಳಿದ್ರು."

ಕುಟ್ಟಾಣಿಯ ಸದ್ದು ನಿಂತಿತು. ಚಿಕ್ಕಜ್ಜಿ ಕೈಯನ್ನು ಹಾಗೇ ಹಿಡಿದುಕೊಂಡಳು. ನಿದ್ದೆ ಹೋಗಿದ್ದಾಳೆಂದು ನಾನು ತಿಳಿದಿದ್ದ ದೊಡ್ಡಜ್ಜಿ ಎದ್ದು ಕೂತಳು.

"ಬದುಕವ್ನಾ?" ಎಂದಳು.

"ಯಾರು ದೊಡ್ಡಜ್ಜಿ ಅವರು?"

"ಬ್ಯಾಡ ಅಕ್ಕ," ಎಂದಳು ಚಿಕ್ಕಜ್ಜಿ.

"ಬುಡು ಕಾಳಿ. ಮೂಲೆಮೂಲೆ ಮಗುಚಿ ನೋಡವ್ಳೆ, ಬೆಳಿಗ್ಗೆನೇ ಕಂಡೆ. ಇನ್ನೇನ್ ಮುಚ್ಚಿಟ್ಟೀಯಾ?" ದೊಡ್ಡಜ್ಜಿ ನನ್ನ ಕಡೆ ತಿರುಗಿದಳು. "ನಿಮ್ ತಾತ ಕಣೇ. ನಿಮ್ಮಪ್ಪನ ಅಪ್ಪ, ಬೋರೇಗೌಡ."

"ತಾತ ಪ್ಲೇಗಲ್ಲಿ..."

"ಪ್ಲೇಗಲ್ಲಿ ಯಾರೂ ಸಾಯ್ನಿಲ್ಲ. ನನ್ ಗಂಡನ್ನ ನಿಮ್ ತಾತನೇ ಒಡ್ದಿದ್ದು. ಗುದ್ಲೀಲಿ. ಒಂದೇ ಏಟು."

ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳುವ ದನಿಯಲ್ಲೇ ಅವಳು ಅದನ್ನು ಹೇಳಿದಳು. ನಾನು ಜಗುಲಿಯ ಕಂಬ ಹಿಡಿದು ಕೂತೆ. ಹಿತ್ತಲಿನಲ್ಲಿ ಕೋಳಿಗಳು ಎಸೆದ ಎಲೆಗಳನ್ನು ಕೆದಕುತ್ತಿದ್ದವು.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಬಿಂಡಿಗನವಿಲೆಯ ಹತ್ತಿರದ ಒಂದು ಊರು. ನಮ್ಮ ಮನೆದೇವರು ಆ ಕಡೆಯದೆಂದು ನನಗೆ ಗೊತ್ತಿತ್ತು, ಯಾಕೆಂದು ಕೇಳಿರಲಿಲ್ಲ. ರಾಗಿ ಒಕ್ಕಣೆಯ ದಿನ. ತಮ್ಮ ಬೋರೇಗೌಡ ಆತುರಕ್ಕೆ ಎತ್ತನ್ನು ಹೊಡೆದು ಓಡಿಸಿದ್ದರಿಂದ ಅದರ ಕಾಲು ಮುರಿಯಿತು. ಕಣದಲ್ಲಿ ಆಳುಗಳೆಲ್ಲ ನೋಡುತ್ತಿರುವಾಗ ಅಣ್ಣ ತಮ್ಮನ ಕೆನ್ನೆಗೆ ಬಿಟ್ಟ. ತಮ್ಮ ಕೈಗೆ ಸಿಕ್ಕಿದ ಗುದ್ದಲಿ ಎತ್ತಿದ. ಅಷ್ಟೇ. ಜಮೀನಿನ ಜಗಳವಿಲ್ಲ, ಹಗೆಯಿಲ್ಲ. ಬೆಳಿಗ್ಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಉಂಡು ಹೋಗಿದ್ದರು. ಪೊಲೀಸರು ಬರುವವರೆಗೂ ಬೋರೇಗೌಡ ಅಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದನಂತೆ.

"ಇವಳಪ್ಪ ಗಾಡಿ ಕಟ್ಕೊಂಡು ಬಂದ, ಮಗಳನ್ನ ಕರ್ಕೊಂಡೋಗಾಕೆ," ಎಂದಳು ದೊಡ್ಡಜ್ಜಿ. "ನಾನೇ ಬ್ಯಾಡ ಅಂದೆ. ಇವಳೇನ್ ಮಾಡವ್ಳೆ? ಕೈಯಾಗೆ ಕೂಸು. ನನ್ ತಾವ ಇನ್ನೊಂದು. ಅಲ್ಲಿದ್ದಿದ್ದ ಮಾರಿ ಇಲ್ಲಿಗೆ ಬಂದ್ಬುಟ್ವಿ. ನಮ್ಮಣ್ಣ ಒಬ್ಬನಿಗೆ ಗೊತ್ತು. ಅವ್ನು ಯಾರಿಗೂ ಬಾಯ್ಬಿಡ್ನಿಲ್ಲ, ಅಂಗೇ ಸತ್ತ."

"ದೊಡ್ಡಪ್ಪನಿಗೆ?"

"ಅವ್ನು ಕಣದಾಗೇ ಇದ್ದ. ಆರು ವರ್ಸದ ಮಗ."

ನನ್ನ ಅಪ್ಪನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟ ದೊಡ್ಡಪ್ಪ. ಅಪ್ಪನ ಓದಿಗಾಗಿ ತನ್ನ ಓದು ಬಿಟ್ಟ ದೊಡ್ಡಪ್ಪ. ತಮ್ಮನಿಗೆ ಬಡಿಸುವವರೆಗೂ ತಾನು ತುತ್ತು ಎತ್ತದ ದೊಡ್ಡಪ್ಪ. ಅವರು ಕಣ್ಣಾರೆ ಕಂಡಿದ್ದರು.

"ಜಮಖಾನ?"

"ದೊಡ್ಡೋನ ಮದ್ವೇಲಿ ತಂದ. ಜೈಲಿಂದ ಬುಟ್ಟು ಒಂದೆರಡು ವರ್ಸ ಆಗಿತ್ತು. ಎಂಗೋ ಉಡಿಕ್ಕೊಂಡು ಬಂದವ್ನೆ. ಚಪ್ಪರದ ದಿನ ಬೆಳಕರಿಯಾಗ ಬಾಗ್ಲು ತೆಗೀತೀನಿ, ತಲೆ ಮ್ಯಾಲೆ ಸುರುಳಿ ಒತ್ಕಂಡು ನಿಂತವ್ನೆ. ಅಣ್ಣನ ಮಗನ ಮದ್ವೆಗೆ ಅಂದ. ಆಸ್ತೀನಿ, ನೀನು ಒಳಿಕ್ಕೆ ಬರಬ್ಯಾಡ ಅಂದೆ. ಇಟ್ಟು ಒಂಟೋದ." ದೊಡ್ಡಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಊರೆಲ್ಲ ತುಳೀಲಿ ಅಂತ ಆಸ್ದೆ ಕಣೇ. ಅವ್ನು ನೇಯ್ದಿದ್ದನ್ನ ಕಂಡಕಂಡೋರೆಲ್ಲ ತುಳೀಲಿ ಅಂತ. ಮೊದ್ಲು ನಾನೇ ತುಳಿದೆ. ಬತ್ತಾ ಬತ್ತಾ ಅದೂ ಒಂದು ಜಮಖಾನ ಆಗೋಯ್ತು. ಕಾಲಿಗೆ ಮಾತ್ರ ಅಬ್ಯಾಸ ಓಗ್ನಿಲ್ಲ."

ಚಿಕ್ಕಜ್ಜಿ ಕುಟ್ಟಾಣಿ ಕೆಳಗಿಟ್ಟು ಕೇಳಿದಳು: "ಕೆಮ್ತಾವ್ನೆ ಅಂದ್ಯಾ?"

ನಾನು ಅಂದಿರಲಿಲ್ಲ. ನಲವತ್ತೈದು ವರ್ಷದ ಹಿಂದಿನ ಗಂಡನ ಎದೆಯ ಕಾಯಿಲೆ ಅವಳಿಗೆ ನೆನಪಿತ್ತೋ ಏನೋ. "ಹೂಂ, ಕೆಮ್ತಾರೆ," ಎಂದೆ. ಅವಳ ಬರಿಹಣೆಯನ್ನು ನೋಡಿದೆ. ಗಂಡ ಬದುಕಿದ್ದವಳು.

ಅಪ್ಪನಿಗೆ ಅಂದು ಸಂಜೆ ದೊಡ್ಡಪ್ಪ ತಾವೇ ಹೇಳಿದರು, ಕೊಟ್ಟಿಗೆಯಲ್ಲಿ, ಇಬ್ಬರೂ ಎದುರುಬದುರು ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತಿರುವಾಗ. ನಾನು ಹೊರಗೆ ನಿಂತಿದ್ದೆ. ಚೊಂಬಿಗೆ ಬೀಳುತ್ತಿದ್ದ ಹಾಲಿನ ಸದ್ದು ಎರಡಿದ್ದದ್ದು ಒಂದಾಯಿತು. ಅಪ್ಪ ಎದ್ದು ಬಂದು ಬಚ್ಚಲ ಕಲ್ಲಿನ ಮೇಲೆ ಕೂತರು. ಕೈಯಲ್ಲಿ ಚೊಂಬು ಹಾಗೇ ಇತ್ತು. ದೊಡ್ಡಪ್ಪ ಹಿಂದೆಯೇ ಬಂದು ಅದನ್ನು ಇಸಿದುಕೊಂಡರು.

"ನಿಂಗೆ ನನ್ ಮುಖ ನೋಡಾಕೆ ಎಂಗಣ್ಣ ಆಯ್ತಿತ್ತು?" ಎಂದರು ಅಪ್ಪ.

"ನೀನು ಕೂಸು ಕಣ್ಲಾ ಆಗ. ಎದ್ದು ಒಳಿಕ್ಕೆ ಬಾ, ಹಸುಗೆ ಇನ್ನೂ ಹಾಲೈತೆ," ಎಂದರು ದೊಡ್ಡಪ್ಪ.

ಮಾರನೆಯ ಬೆಳಿಗ್ಗೆ ದೊಡ್ಡಜ್ಜಿ ಒಗೆದ ಸೀರೆ ಉಟ್ಟು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, "ನಡಿ, ಬಸ್ಸಿಗೋಗಾನ," ಎಂದಳು ನನಗೆ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಚಿಕ್ಕಜ್ಜಿಯನ್ನು ಕರೆದಳು. "ನಾ ಯಾಕ್ ಬರ್ಲಿ," ಎಂದು ಅವಳು ಒಲೆಗೆ ಸೌದೆ ಹಾಕುತ್ತ ಕೂತಳು. ಅಪ್ಪ ಬರಲಿಲ್ಲ.

ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ, ಚಿನಕುರಳಿ ದಾಟಿ ಪಾಂಡವಪುರ ಮುಟ್ಟುವವರೆಗೂ ದೊಡ್ಡಜ್ಜಿ ಕಿಟಕಿಯ ಸರಳು ಬಿಡಲಿಲ್ಲ. ಒಂದೇ ಒಂದು ಸಲ, "ಇಲ್ಲಿ ಬೆಳೆ ಚೆನ್ನಾಗೈತೆ," ಎಂದಳು. ಅವಳು ಅವರನ್ನು ಬೈಯಲು ಹೋಗುತ್ತಿದ್ದಾಳೋ ಕರೆದುಕೊಂಡು ಬರಲು ಹೋಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಎರಡಕ್ಕೂ ನನಗೆ ಹೆದರಿಕೆಯಿತ್ತು.

ಆಲೆಮನೆಯ ಬಾಗಿಲಲ್ಲಿ ನೆರಳು ಬಿದ್ದೊಡನೆ ಮುದುಕರು ತಲೆಯೆತ್ತಿದರು. ಯಾರೆಂದು ಕೇಳಲಿಲ್ಲ. ಗೋಡೆ ಹಿಡಿದುಕೊಂಡು ಎದ್ದರು, ತಲೆಗೆ ಸುತ್ತಿದ್ದ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು, ಕಣ್ಣನ್ನು ನೆಲಕ್ಕೆ ನೆಟ್ಟರು. ದೊಡ್ಡಜ್ಜಿ ಹೊಸ್ತಿಲು ದಾಟಲಿಲ್ಲ. ಅವಳಿಗೆ ಕೂರಲು ನಾನು ಹಲಗೆ ಎಳೆದೆ. ಅದನ್ನೂ ಬೇಡವೆಂದಳು.

"ಮೈ ಉಸಾರಾಗಿಲ್ವಂತೆ," ಎಂದಳು.

"ಇಲ್ಲ ಅತ್ತಿಗವ್ವ."

"ನಾಳಿಕ್ಕೆ ಒಂದು ಎಚ್ಚುಕಮ್ಮಿ ಆದ್ರೆ ಯಾರವ್ರೆ ಇಲ್ಲಿ?"

"ಯಾರೂ ಇಲ್ಲ."

ದೊಡ್ಡಜ್ಜಿ ಕೊಠಡಿಯನ್ನೆಲ್ಲ ಒಂದು ಸುತ್ತು ನೋಡಿದಳು. ಅಟ್ಟದ ಮೇಲಿನ ಒಂದು ಪಾತ್ರೆ, ಒಂದು ಚಾಪೆ, ಮಗ್ಗದಲ್ಲಿ ಅರ್ಧ ಆಗಿದ್ದ ಕೆಲಸ. ಆಮೇಲೆ ಹೇಳಿದಳು: "ಬದುಕಿರೋಗಂಟ ನಮ್ಮ ಒಸ್ಲಿಗೆ ಬರಬ್ಯಾಡ. ಸತ್ತ್ ಮ್ಯಾಲೆ ಬಾ. ನಮ್ ಒಲದಾಗೆ ಜಾಗ ಕೊಡ್ತೀನಿ. ಮಣ್ಣಿಗೆ ನಿನ್ ಮಗ ಬತ್ತಾನೆ."

ಬದುಕಿರುವ ಮನುಷ್ಯನಿಗೆ ಹೀಗೆ ಹೇಳುವುದನ್ನು ನಾನು ಕೇಳಿರಲಿಲ್ಲ. ಆದರೆ ಆ ಮುದುಕರ ಮುಖದಲ್ಲಿ ನೋವಿನ ಸುಳಿವಿರಲಿಲ್ಲ. ಎಷ್ಟೋ ಕಾಲದಿಂದ ಅರ್ಜಿ ಹಾಕಿಕೊಂಡು ಕಾಯುತ್ತಿದ್ದವರ ಕೆಲಸ ಆದ ಹಾಗೆ, ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡರು.

"ಆಗ್ಲಿ ಅತ್ತಿಗವ್ವ. ಬತ್ತೀನಿ," ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಜ್ಜಿ ಬಾಳೆಹಣ್ಣು ಕೊಂಡಳು. ಕಾಳಿಗೆ ಮಲಬದ್ಧತೆ, ರಸಬಾಳೆ ಒಳ್ಳೇದು ಎಂದಳು. ನನಗೆ ಅಳು ತಡೆಯಲಾಗದೆ ಅಂಗಡಿಯ ಕಡೆಗೆ ಮುಖ ತಿರುಗಿಸಿದೆ.

ಆಷಾಢದಲ್ಲಿ ನನ್ನ ಕೆಲಸ ಮುಗಿಯಿತು. ಸಂಗ್ರಹಾಲಯಕ್ಕೆ ನಮ್ಮ ಮನೆಯ ಹಾಸನ್ನು ತರಲಾಗುವುದಿಲ್ಲ ಎಂದು ತಿಳಿಸಿದೆ, ಕಾರಣ ಹೇಳಲಿಲ್ಲ. ಮೇಷ್ಟ್ರಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಅವರು ಕೊಡೆಯ ಹಿಡಿಯನ್ನು ತಿರುಗಿಸುತ್ತ, "ಅಷ್ಟು ವರ್ಷ ಜೊತೇಲಿ ಕೂತು ನೇಯ್ದಿದೀವಿ ತಾಯಿ, ಒಂದು ದಿನ ಬಾಯಿ ಬಿಡಲಿಲ್ಲ," ಎಂದರು. ಅಪ್ಪ ಆ ಮಳೆಗಾಲದಲ್ಲಿ ಎರಡು ಸಲ ಪಾಂಡವಪುರಕ್ಕೆ ಹೋಗಿ ಬಂದರು. ಏನು ಮಾತಾಡಿದರೆಂದು ಹೇಳಲಿಲ್ಲ. ಎರಡನೆಯ ಸಲ ಬಂದಾಗ ಅಂಗಿಗೆಲ್ಲ ಹತ್ತಿಯ ನಾರು ಅಂಟಿಕೊಂಡಿತ್ತು.

ಕಾರ್ತಿಕದಲ್ಲಿ ಮೇಷ್ಟ್ರೇ ಸುದ್ದಿ ತಂದರು. ಹೆಣವನ್ನು ಟ್ರಾಕ್ಟರಿನಲ್ಲಿ ತಂದರು. ಎರಡಜ್ಜಿ ಮನೆಯ ಮುಂದೆ ಅಪರಿಚಿತ ಮುದುಕನ ಹೆಣ ಇಳಿಸಿದ್ದನ್ನು ನೋಡಿ ಊರಿಗೆ ಊರೇ ಬಂದು ನಿಂತಿತು. ದೊಡ್ಡಪ್ಪ ಜಗುಲಿಯ ಮೇಲೆ ನಿಂತು, ಅಡಗಿಸದೆ, ಅಳದೆ, ಇವರು ನಮ್ಮ ಚಿಕ್ಕಪ್ಪ, ನಮ್ಮಪ್ಪನನ್ನು ಹೊಡೆದು ಜೈಲಿಗೆ ಹೋಗಿದ್ದವರು, ಇವರನ್ನು ನಮ್ಮ ಹೊಲದಲ್ಲಿ ಮಣ್ಣು ಮಾಡುತ್ತೇವೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಪ್ಪ ಬೆಂಕಿ ಮಡಕೆ ಹಿಡಿದು ಮುಂದೆ ನಡೆದರು. ದೊಡ್ಡಪ್ಪ ಚಟ್ಟಕ್ಕೆ ಹೆಗಲು ಕೊಟ್ಟರು.

ಗಂಡಸರೆಲ್ಲ ಹೊಲದ ಕಡೆ ಹೋದ ಮೇಲೆ ಕೇರಿಯ ಹೆಂಗಸರು ಚಿಕ್ಕಜ್ಜಿಯ ಸುತ್ತ ಸೇರಿದರು. ಅವರಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕೊನೆಗೆ ಒಬ್ಬ ಹಿರಿಯ ಹೆಂಗಸು ಸೆರಗಿನಿಂದ ಹಸಿರು ಬಳೆ, ಕುಂಕುಮದ ಪೊಟ್ಟಣ ತೆಗೆದಳು. "ಗಂಡ ಓಗಿದ್ದು ಇವತ್ತು ತಾನೇ. ಒಂದ್ಸಲ ಇಕ್ಕಿ, ಆಮೇಲೆ ತೆಗೀಬೇಕು ನಿಂಗಮ್ಮ. ಶಾಸ್ತ್ರ ಬುಡಾಕಾದಾತಾ?" ಎಂದಳು.

ದೊಡ್ಡಜ್ಜಿ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. "ಆ ಶಾಸ್ತ್ರ ಆಗೋಗೈತೆ. ಕಣದಿಂದ ನನ್ ಗಂಡನ್ನ ತಂದ ದಿನ ನಾ ಬಳೆ ಒಡ್ಕೋತಿದ್ದೆ. ಇವ್ಳು ಬಂದು ಪಕ್ಕದಾಗೆ ಕೂತ್ಕಂಡು ತನ್ನವೂ ಒಡ್ಕೊಂಡ್ಲು. ಕುಂಕ್ಮ ಅಳಿಸ್ಕಂಡ್ಲು. ಬ್ಯಾಡ ಕಣೇ, ನಿನ್ ಗಂಡ ಅವ್ನೆ ಅಂತ ಕೈ ಇಡ್ಕೊಂಡೆ, ಕೇಳ್ನಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕೆ ಬಳೆಗಳನ್ನು ಮತ್ತೆ ಸೆರಗಿನಲ್ಲಿ ಗಂಟು ಹಾಕಿಕೊಂಡು ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಹೋದ ಮೇಲೆ ಚಿಕ್ಕಜ್ಜಿ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಅಕ್ಕ ಒಬ್ಳೇ ಒಡ್ಕೋತಿದ್ಲು ಕೂಸೇ," ಎಂದಳು. "ನೋಡಾಕಾಗ್ನಿಲ್ಲ."